ಹೊನ್ನೆ ಮಂಚ

ಕೀಲಾರದ ತಿಬ್ಬೇಗೌಡರ ಆಲೆಮನೆ ಕೆಡವಿದಾಗ
ತೊಲೆ ಎರಡು ನನ್ನ ಪಾಲಿಗೆ ಬಂದವು,
ಮೂರು ಸಾವಿರದ ಇನ್ನೂರಕ್ಕೆ; ಟೆಂಪೋ ಬಾಡಿಗೆ ಬೇರೆ.
ಹೊಗೆ ಕುಡಿದು ಕುಡಿದು ಕಪ್ಪಿಟ್ಟು
ಯಾವ ಮರವೆಂದು ಊರಲ್ಲೇ ಯಾರಿಗೂ ನೆನಪಿರಲಿಲ್ಲ.
ಮಂಡ್ಯದ ನಮ್ಮ ಮನೆ ಹಿಂದೆ, ಶೀಟಿನ ಸೂರಿನಡಿ
ಮೊದಲ ಸಲ ಹತ್ತರಿ ಹೊಡೆದಾಗ
ಮಸಿ ಸುರುಳಿ ಸುರುಳಿ ಬಿಟ್ಟು
ಒಳಗಿಂದ ಅರಿಸಿನದ ಮೈ.
ಹೊನ್ನೆ!
ಜೊತೆಗೇ ಒಂದು ವಾಸನೆ,
ಕೊಪ್ಪರಿಗೆಯಲ್ಲಿ ಪಾಕ ಹದಕ್ಕೆ ಬರುವ ಗಳಿಗೆಯದು.
ಅಷ್ಟು ವರ್ಷದ ಬೆಲ್ಲ
ಮರದೊಳಗೆ ಸುಮ್ಮನೆ ಕೂತಿತ್ತು.

ಮಾರನೆ ಬೆಳಿಗ್ಗೆ ಇರುವೆ ಸಾಲು.

ನಾನು ಕಬ್ಬಿಣದವನು.
ಸಕ್ಕರೆ ಕಾರ್ಖಾನೆಯ ಲೇತಿನ ಮುಂದೆ
ಇಪ್ಪತ್ತೊಂಬತ್ತು ವರ್ಷ ನಿಂತು ಬಂದವನು.
ಕಬ್ಬಿಣದ ನಿನ್ನೆಯ ಅಳತೆ ಇವತ್ತೂ ಅದೇ.
ಮರ ಹಾಗಲ್ಲ.
ಸೋನೆ ಹಿಡಿದ ವಾರ
ಒಂದು ನೂಲು ಉಬ್ಬಿ ಕೂತಿತು;
ಕಾಲಿಗೆ ಕೊರೆದ ಬಾಯೊಳಗೆ
ಪಟ್ಟಿಯ ನಾಲಿಗೆ ಹೋಗಲೊಲ್ಲದು.
ಕೊಡತಿ ಎತ್ತಿದೆ. ಅಡಿಗೆಮನೆಯಿಂದ ಚೆನ್ನಾಜಮ್ಮ:
"ಹೊಡೀಬ್ಯಾಡಿ ಅದ್ನ. ಬಿಸ್ಲು ಬರ್ಲಿ, ತಾನೇ ಇಳೀತದೆ."
ಮೂರು ದಿನಕ್ಕೆ ಇಳಿಯಿತು,
ಕಿಟಕಿಯ ಚಿಲಕದಷ್ಟು ಸಲೀಸಾಗಿ ಕೂತಿತು.
ಅವಳಿಗೆ ಹೇಳಲಿಲ್ಲ.

ಸಕ್ಕರೆಯ ಸಂಬಳ ತಂದವನು ನಾನು,
ಸಕ್ಕರೆ ಕಾಯಿಲೆ ಬಂದದ್ದು ಅವಳಿಗೆ.
ಹೊನ್ನೆ ಅಂತ ತಿಳಿದದ್ದೇ ತಡ
ಸೆರಗಿನ ತುಂಬ ಸಿಪ್ಪೆ ಆಯ್ದುಕೊಂಡು ಹೋದಳು.
ರಾತ್ರಿ ಲೋಟದ ನೀರಿಗೆ ಹಾಕಿ, ಬೆಳಿಗ್ಗೆ ಸೋಸಿ,
ಕಣ್ಣು ಮುಚ್ಚಿ ಒಂದೇ ಗುಟುಕು.
"ಡಾಕ್ಟ್ರು ಏನಂದ್ರು?"
"ಮಾತ್ರೆ ಬುಡಬ್ಯಾಡಿ ಅಂದ್ರು.
ಇದ್ನ ಅವರೂ ಕೇಳ್ನಿಲ್ಲ, ನಾನೂ ಹೇಳ್ನಿಲ್ಲ."
ಹಾಗೆ ಶ್ರಾವಣ ಪೂರ್ತಿ
ನಾನು ಮಂಚ ಕಟ್ಟಿದೆ,
ಅವಳು ಮಂಚ ಕುಡಿದಳು.
ಲೋಟವನ್ನು ಬಿಸಿಲಿಗೆ ಹಿಡಿದರೆ
ಅಂಚಿನಲ್ಲಿ ನವಿಲುಗತ್ತಿನ ನೀಲಿ.

ಅವಳ ಪಾದಕ್ಕೆ ಈಗ ನೆಲ ತಿಳಿಯುವುದಿಲ್ಲ.
ಹೋದ ಮಾಘದಲ್ಲಿ ಹಳೇ ಮಂಚದ ಮೂಲೆ
(ತೊಂಬತ್ತೆರಡರಲ್ಲಿ ನಾನೇ ಬೆಸೆದದ್ದು,
ನಾಲ್ಕು ಜನರನ್ನು ಕರೆದು ತೋರಿಸಿದ್ದು)
ಅವಳ ಕಿರುಬೆರಳು ಸೀಳಿತ್ತು.
ಗೊತ್ತಾದದ್ದು ನೆಲ ಒರೆಸುವಾಗ,
ಬಟ್ಟೆ ಕೆಂಪಾದ ಮೇಲೆ.
"ಇದ್ಯಾರ್ದು ರಕ್ತ?" ಅಂದಳು,
ಮನೆಗೆ ಬೇರೆ ಯಾರೋ ಬಂದು ಹೋದಂತೆ.
ಆ ಬೆರಳು ಈಗಿಲ್ಲ.

ಅದಕ್ಕೇ ಈ ಮಂಚಕ್ಕೆ ಮೂಲೆಗಳಿಲ್ಲ.
ಅರದಿಂದ ತೇದು, ಗಾಜಿನ ಚೂರಿನಿಂದ ಹೆರೆದು,
ಎಂಬತ್ತು, ನೂರಿಪ್ಪತ್ತು, ಇನ್ನೂರಿಪ್ಪತ್ತರ ಉಪ್ಪುಕಾಗದ,
ಉಗುರಿನ ಸಂದೆಲ್ಲ ಹಳದಿ.
ನನ್ನ ಅಂಗೈ ನಂಬುವಂತಿಲ್ಲ,
ಅದು ಲೇತಿಗೆ ಒಪ್ಪಿಸಿದ್ದು.
ಮಂಡಿಯೂರಿ ಸುತ್ತ ಸರಿಯುತ್ತ
ಅಂಚಂಚಿಗೂ ಕೆನ್ನೆ ಇಟ್ಟು ನೋಡಿದೆ.
ಪಕ್ಕದ ಕಾಂಪೌಂಡಿನ ಮೇಲಿಂದ ಹುಡುಗ ಕೂಗಿದ:
"ಅವ್ವೋ, ತಾತ ಮಂಚಕ್ಕೆ ಮುತ್ತಿಕ್ತಾವ್ನೆ!"

ಒಂದು ಕಲೆ ಮಾತ್ರ ಹೋಗಲಿಲ್ಲ.
ಒದ್ದೆ ಅರವನ್ನು ರಾತ್ರಿ ಪಟ್ಟಿಯ ಮೇಲೆ ಮರೆತಿದ್ದೆ,
ಬೆಳಗಾಗುವಷ್ಟರಲ್ಲಿ ಶಾಯಿಯ ಹಾಗೆ ಇಳಿದಿತ್ತು ಕಬ್ಬಿಣ.
ಆ ಬದಿಯನ್ನು ಗೋಡೆಗೆ ತಿರುಗಿಸಿದೆ.

ಅಗಸೆ ಎಣ್ಣೆ ಮೂರು ಕೈ,
ಕೈಗೆ ಕೈಗೆ ನಡುವೆ ಎರಡು ದಿನ.
ಕುಡಿದಷ್ಟೂ ಕೆಂಪೇರಿತು ಮರ.
ಗೌರಿ ಹಬ್ಬದ ಹಿಂದಿನ ದಿನ ಒಳಗೆ ತಂದೆವು.
ಅವಳು ಕೂತಳು. ಎರಡೂ ಪಾದ ನೆಲ ಮುಟ್ಟಿತು.
ಮುಟ್ಟಿದ್ದನ್ನು ಬಗ್ಗಿ ನೋಡಿ ತಿಳಿದುಕೊಂಡಳು.
"ಎತ್ರ ಸರ್ಯಾಗದೆ" ಅಂದಳು, ಅಷ್ಟೇ.

ಬೆಳಗಿನ ಜಾವ, ಇನ್ನೂ ಮಬ್ಬು.
"ರೀ, ಕಾಲಿಗೆ ಇರುವೆ ಹತ್ತವೆ."
ದಡಕ್ಕನೆ ಎದ್ದೆ.
"ಯಾವ ಕಾಲಿಗೆ? ಎಡಕ್ಕಾ, ಬಲಕ್ಕಾ? ಗೊತ್ತಾಯ್ತಾ ನಿಂಗೆ?"
ದೀಪ ಹಾಕಿದೆ.
ಮಗ್ಗುಲಾಗಿ, ತಲೆ ಕೆಳಗಿಳಿಬಿಟ್ಟು
ಅವಳು ಸಾಲನ್ನು ನೋಡುತ್ತಿದ್ದಳು.
"ಮಂಚದ ಕಾಲಿಗೆ ಕಣ್ ಬುಡಿ."
ಒದ್ದೆ ಬಟ್ಟೆಗೆ ನಾನು ಎದ್ದು ಹೊರಟರೆ
ತೋಳು ಹಿಡಿದು ಕೂರಿಸಿದಳು:
"ಇರ್ಲಿ. ನಮ್ ಸಕ್ಕರೆ ಅವಾದ್ರೂ ತಿನ್ಲಿ."